ಫಿಟ್ ಸರ್ಟಿಫಿಕೇಟಿನಲ್ಲಿ ಇಲ್ಲದ ಸಾಲುಗಳು

ಹೆಬ್ಬೆರಳು ಹೋದರೆ ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14. ಒಂದು ಕೈಯ ನಾಲ್ಕೂ ಬೆರಳು ಹೋದರೆ ಶೇ 50. ದುಡಿಯುವವರ ಗಳಿಕೆ ಸಾಮರ್ಥ್ಯ ಎಷ್ಟು ಕುಗ್ಗಿತು ಎಂದು ಹೇಳುವ ಇಂಥದೊಂದು ಪಟ್ಟಿ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿತ್ತು. 2010ರಲ್ಲಿ ಆ ಕಾಯ್ದೆಗೆ ನೌಕರರ ಪರಿಹಾರ ಕಾಯ್ದೆ ಎಂಬ ಹೊಸ ಹೆಸರು ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಪಟ್ಟಿ ಮನೆ ಬದಲಿಸಿತು, ಅದರ ಹಿಂದಿನ ಆಲೋಚನೆ ಮಾತ್ರ ಕದಲಲಿಲ್ಲ: ಅಂಗ ಎಷ್ಟು ಹೋಯಿತೋ ದುಡಿಮೆಯೂ ಅಷ್ಟೇ ಹೋಯಿತು. ಪಟ್ಟಿಯನ್ನು ಸುಮ್ಮನೆ ಹಳಿಯುವಂತಿಲ್ಲ. ಚೌಕಾಸಿಗೆ ಅವಕಾಶ ಕೊಡದೆ ಬಡವನ ಕೈಗೆ ಬೇಗ ಒಂದು ಮೊತ್ತ ಸೇರಿಸುವ ಗುಣ ಅದಕ್ಕಿದೆ. ಆದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಜಿಯಡಿಗೆ ಬಟ್ಟೆ ನೂಕುವ ಹೆಣ್ಣುಮಗಳ ತೋರುಬೆರಳಿಗೂ ಜಯನಗರದ ಕಚೇರಿಯೊಂದರಲ್ಲಿ ಕಡತಕ್ಕೆ ಸಹಿ ಹಾಕುವ ಅಧಿಕಾರಿಯ ತೋರುಬೆರಳಿಗೂ ಅದು ಇಡುವ ಅಂಕಿ ಒಂದೇ. ಗಾಯಗೊಂಡವರು ನಾಳೆಯಿಂದ ಏನು ಮಾಡಬಲ್ಲರು, ಎಷ್ಟು ಹೊತ್ತು ಮಾಡಬಲ್ಲರು, ಎಷ್ಟು ತೂಕ ಎತ್ತಬಲ್ಲರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಈ ಉತ್ತರವನ್ನು ಊಹಿಸಿ ಹೇಳಬೇಕಿಲ್ಲ, ಪರೀಕ್ಷಿಸಿ ಹೇಳಬಹುದು. ಹಾಗೆ ಪರೀಕ್ಷಿಸಲು ಬೇಕಾದ ತರಬೇತಿಯ ಬಹುಭಾಗ ಫಿಸಿಯೋಥೆರಪಿ ಓದಿದವರ ಬಳಿ ಈಗಾಗಲೇ ಇದೆ. ನಮ್ಮ ಕಾನೂನು, ನಮ್ಮ ವಿಮೆ, ಒಂದು ಮಟ್ಟಿಗೆ ಆ ವೃತ್ತಿಯವರೂ ಸೇರಿಯೇ ಈ ಕೆಲಸವನ್ನು ಹೊಸ್ತಿಲಾಚೆ ನಿಲ್ಲಿಸಿದ್ದಾರೆ ಎಂಬುದು ನನ್ನ ವಾದ.

ನ್ಯಾಯಾಲಯಗಳು ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿವೆ. ಒಡಿಶಾದಲ್ಲಿ ಚಿತ್ರಮಂದಿರವೊಂದರ ಕೆಲಸದಲ್ಲಿ ಬಿದ್ದು, ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಿಕೊಳ್ಳಬೇಕಾದ ಬಡಗಿಯ ಪ್ರಕರಣ 1975ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠದ ಮುಂದೆ ತೀರ್ಮಾನವಾಯಿತು. ಇದು ಭಾಗಶಃ ಊನ ಮಾತ್ರ ಎಂಬ ಮಾಲೀಕನ ವಾದವನ್ನು ಪೀಠ ಒಪ್ಪಲಿಲ್ಲ. ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿತು. 2010ರಲ್ಲಿ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ರಸ್ತೆ ಅಪಘಾತದ ಪ್ರಕರಣದಲ್ಲಿ ಇದೇ ವಿಚಾರವನ್ನು ವಿಸ್ತಾರವಾಗಿ ಬಿಡಿಸಿಟ್ಟವರು ಕರ್ನಾಟಕ ಹೈಕೋರ್ಟಿನಲ್ಲಿ ಹಲವು ವರ್ಷ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಅಂಗದ ಊನದ ಶೇಕಡಾವಾರು ಬೇರೆ, ಇಡೀ ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ. ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಲೆಕ್ಕ ಹಾಕಬಾರದು. ಊನವಿದ್ದೂ ಆ ವ್ಯಕ್ತಿ ಯಾವ ಚಟುವಟಿಕೆ ಮಾಡಬಲ್ಲ, ಯಾವುದನ್ನು ಮಾಡಲಾರ ಎಂಬುದನ್ನು ನ್ಯಾಯಮಂಡಳಿ ಮೊದಲು ತಿಳಿಯಬೇಕು, ಆಮೇಲೆ ಅವನ ಕಸುಬನ್ನೂ ವಯಸ್ಸನ್ನೂ ನೋಡಬೇಕು. ಇಷ್ಟು ಖಚಿತವಾದ ತೀರ್ಪಿನ ಕೊನೆಗೆ ಏನಾಯಿತು ನೋಡಿ. ಅರ್ಜಿದಾರ ಚೀಸ್ ಮಾರಿ ಬದುಕುತ್ತಿದ್ದವನು. ಎಡಗಾಲಿನ ಊನ ಶೇ 45 ಎಂದು ಪ್ರಮಾಣಪತ್ರದಲ್ಲಿತ್ತು. ಅವನು ಏನು ಮಾಡಬಲ್ಲ ಎಂಬುದಕ್ಕೆ ಸರಿಯಾದ ಸಾಕ್ಷ್ಯವೇ ಇರಲಿಲ್ಲ. ಅಪಘಾತವಾಗಿ ಎರಡು ದಶಕ ಸಮೀಪಿಸಿದ್ದರಿಂದ ಮತ್ತೆ ಕೆಳಗಿನ ಹಂತಕ್ಕೆ ಕಳಿಸದೆ, ದೇಹದ ಊನ ಶೇ 25, ಗಳಿಕೆಯ ನಷ್ಟ ಶೇ 20 ಎಂದು ಕೋರ್ಟು ತಾನೇ ಅಂದಾಜು ಮಾಡಿತು. ದೇಶದ ಅತ್ಯುನ್ನತ ನ್ಯಾಯಾಲಯ ಸರಿಯಾದ ಪ್ರಶ್ನೆ ಕೇಳಿ, ಉತ್ತರ ತಂದುಕೊಡುವವರಿಲ್ಲದೆ ಅಂದಾಜಿಗೆ ಇಳಿದ ಸಂದರ್ಭ ಇದು.

ವೈದ್ಯರು ಅಳೆಯುವುದಿಲ್ಲವೇ ಎಂದು ಕೇಳಬಹುದು. ಅಳೆಯುತ್ತಾರೆ, ಆದರೆ ಅವರಿಗೆ ಕೊಟ್ಟಿರುವ ಅಳತೆಗೋಲು ಇನ್ನೊಂದು ಉದ್ದೇಶಕ್ಕೆ ಮಾಡಿದ್ದು. ಕೇಂದ್ರ ಸರ್ಕಾರದ ಅಂಗವೈಕಲ್ಯ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನ ಬಲ ಎಷ್ಟಿದೆ ಎಂಬುದರ ಜೊತೆಗೆ ಕೈಯ ಹೊಂದಾಣಿಕೆಯ ಹತ್ತು ಚಟುವಟಿಕೆಗಳಿಗೆ ತಲಾ ಒಂಬತ್ತರಂತೆ ಅಂಕವಿದೆ. ನಮ್ಮ ರೀತಿಯಲ್ಲಿ ಕೈಯಿಂದ ಊಟ ಮಾಡುವುದು, ತಲೆ ಬಾಚಿ ಹೆಣೆದುಕೊಳ್ಳುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು ಇವೆಲ್ಲ ಅಲ್ಲಿ ಬರುತ್ತವೆ. ಕಾಲಿನ ಭಾಗದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮೆಟ್ಟಿಲು ಹತ್ತುವುದು ಸೇರಿವೆ. ಈ ಪಟ್ಟಿ ಬರೆದವರಿಗೆ ಭಾರತೀಯ ಮನೆಯೊಳಗಿನ ಬದುಕು ಚೆನ್ನಾಗಿ ಗೊತ್ತಿತ್ತು. ಆದರೆ ಇದು ಮನೆಯ ಪಟ್ಟಿ, ಮೇಸ್ತ್ರಿಯ ಕೆಳಗಿನ ಎಂಟು ಗಂಟೆಯ ಪಟ್ಟಿಯಲ್ಲ. ಒಂದು ಸಲ ಕುಕ್ಕರಗಾಲಿನಲ್ಲಿ ಕೂತು ಎದ್ದವನಿಗೆ ಆ ಸಾಲಿನಲ್ಲಿ ಊನವೇ ಇಲ್ಲ ಎಂದಾಗುತ್ತದೆ. ಟೈಲ್ಸ್ ಹಾಕುವವನು ಹಾಗೆಯೇ ದಿನವಿಡೀ ಕೂತು ಸರಿಯುತ್ತಾ ಹೋಗಬೇಕು. ಇನ್ನು ಇಎಸ್‌ಐ ವ್ಯವಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ನೌಕರ ಕೆಲಸದಲ್ಲಿ ಗಾಯಗೊಂಡರೆ, ತಾತ್ಕಾಲಿಕ ಊನದ ಅವಧಿಯಲ್ಲಿ ವೇತನದ ಶೇ 90ರಷ್ಟು ಸಿಗುತ್ತದೆ. ಶಾಶ್ವತ ಊನವನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಚಿಕಿತ್ಸೆ ಮುಗಿಸಿದವರ ಕೈಗೆ ಬರುವುದು ಫಿಟ್ ಸರ್ಟಿಫಿಕೇಟು. ನಿನ್ನೆಯವರೆಗೆ ಪೂರ್ತಿ ಅನ್‌ಫಿಟ್ ಆಗಿದ್ದವರು ಇವತ್ತು ಪೂರ್ತಿ ಫಿಟ್. ಮೊದಲ ವಾರ ಅರ್ಧ ದಿನ, ಹದಿನೈದು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು, ಏಣಿ ಹತ್ತಬಾರದು, ಕೂತು ಮಾಡುವ ಕೆಲಸ ಎಷ್ಟಾದರೂ ಆಗಬಹುದು ಎಂಬಂಥ ಸಾಲುಗಳಿಗೆ ಅಲ್ಲಿ ಜಾಗವಿಲ್ಲ. ಮನುಷ್ಯರು ಹಾಗೆ ಸ್ವಿಚ್ಚು ಒತ್ತಿದಂತೆ ಗುಣವಾಗುವುದಿಲ್ಲ ಎಂಬುದು ಸೊಂಟ ಹಿಡಿಸಿಕೊಂಡ ಯಾರಿಗಾದರೂ ಗೊತ್ತು.

ಆ ಸಾಲುಗಳನ್ನು ಬರೆಯುವ ವಿಧಾನಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ. 1980ರ ದಶಕದಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಸೂಸನ್ ಐಸರ್ನ್‌ಹೇಗನ್ ಎಂಬ ಫಿಸಿಯೋಥೆರಪಿಸ್ಟ್ ರೂಪಿಸಿದ ಕ್ರಮ ಇಂಥ ವಿಧಾನಗಳಲ್ಲಿ ಹೆಸರುವಾಸಿ. ಮೊದಲು ಕೆಲಸವನ್ನು ಅಳೆಯುತ್ತಾರೆ: ಪೆಟ್ಟಿಗೆ ಎಷ್ಟು ತೂಕ, ಯಾವ ಎತ್ತರದಿಂದ ಯಾವ ಎತ್ತರಕ್ಕೆ, ಗಂಟೆಗೆ ಎಷ್ಟು ಬಾರಿ, ಎಷ್ಟು ದೂರ ಹೊತ್ತು ನಡೆಯಬೇಕು. ಆಮೇಲೆ ದೇಹವನ್ನು ಅಳೆಯುತ್ತಾರೆ. ನೆಲದಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ತೂಕ ಎತ್ತಿಸುತ್ತಾರೆ, ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ತಳ್ಳಿಸುತ್ತಾರೆ, ಎಳೆಸುತ್ತಾರೆ, ಕೈ ಮೇಲೆತ್ತಿ ಕೆಲಸ ಮಾಡಿಸುತ್ತಾರೆ, ಮಂಡಿಯೂರಿಸುತ್ತಾರೆ, ಕೈಹಿಡಿತದ ಬಲವನ್ನು ಉಪಕರಣದಲ್ಲಿ ನೋಡುತ್ತಾರೆ. ನೋವು ಎಲ್ಲಿ ಶುರುವಾಯಿತು ಎಂದು ಕೇಳುವುದರ ಜೊತೆಗೆ ಪರೀಕ್ಷಕರ ಕಣ್ಣು ಬೇರೆಯದನ್ನೂ ಹುಡುಕುತ್ತಿರುತ್ತದೆ. ಯಾವ ತೂಕಕ್ಕೆ ಬೆನ್ನು ಹಿಂದಕ್ಕೆ ವಾಲಿತು, ಯಾವ ಸುತ್ತಿನಲ್ಲಿ ಕಾಲು ಅಗಲವಾಯಿತು, ನಾಡಿ ಎಷ್ಟಕ್ಕೆ ಏರಿತು, ಎಲ್ಲಿ ಇನ್ನು ಸುರಕ್ಷಿತವಲ್ಲ ಎಂದು ನಿಲ್ಲಿಸಬೇಕಾಯಿತು. ಕೆಲಸ ಕೇಳುವುದಕ್ಕೂ ದೇಹ ಕೊಡುವುದಕ್ಕೂ ನಡುವೆ ಉಳಿದ ಅಂತರವೇ ಪುನಶ್ಚೇತನದ ಕಾರ್ಯಸೂಚಿಯಾಗುತ್ತದೆ. ಮುಂದಿನ ಕೆಲವು ವಾರ ಕೊಡುವ ವ್ಯಾಯಾಮ ಅವರವರ ಕಸುಬಿನ ಚಲನೆಗಳದ್ದೇ ಆಗಿರುತ್ತದೆ, ತೂಕ ಮಾತ್ರ ಹಂತ ಹಂತವಾಗಿ ಏರುತ್ತದೆ. ಇದೇ ಹೊತ್ತಿಗೆ ಫಿನ್‌ಲೆಂಡಿನಲ್ಲಿ ಯೂಹಾನಿ ಇಲ್ಮರಿನೆನ್ ಮತ್ತು ಸಂಗಡಿಗರು ಪುರಸಭೆಯ ನೌಕರರನ್ನು ವರ್ಷಗಟ್ಟಲೆ ಗಮನಿಸಿ ಏಳು ಅಂಶಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರ ಅಂಕ 7ರಿಂದ 49ರವರೆಗೆ. 27ಕ್ಕಿಂತ ಮೇಲೇರದಿದ್ದರೆ ಕೆಲಸದ ಸಾಮರ್ಥ್ಯ ಕಳಪೆ ಎಂದು ಅರ್ಥ. ಇನ್ನೆರಡು ವರ್ಷದ ಮೇಲೆ ಇದೇ ಕೆಲಸ ಮಾಡಬಲ್ಲೆ ಅನಿಸುತ್ತದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ನಮ್ಮ ಯಾವ ಪ್ರಮಾಣಪತ್ರವೂ ದುಡಿಯುವವರನ್ನು ಅದನ್ನು ಕೇಳುವುದಿಲ್ಲ.

ದಕ್ಷಿಣ ಬೆಂಗಳೂರನ್ನು ನೋಡಿದರೆ ಈ ಕೊರತೆ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಮುರಿದ ಮೂಳೆ ಕೂಡಿಸುವ ಸರ್ಕಾರಿ ಸಂಜಯ ಗಾಂಧಿ ಆಸ್ಪತ್ರೆ ಜಯನಗರದ ಪೂರ್ವಕ್ಕೆ ಬೈರಸಂದ್ರದಲ್ಲಿದೆ. ಮೆದುಳು, ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನಕ್ಕೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳ ಪಠ್ಯ, ಪರೀಕ್ಷೆ ನಿರ್ಧರಿಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದ ಇದೆ. ಅದರ ಕಚೇರಿ ಜಯನಗರ ನಾಲ್ಕನೇ ‘ಟಿ’ ಬ್ಲಾಕಿನಲ್ಲಿ, ಆರ್.ವಿ. ಫಿಸಿಯೋಥೆರಪಿ ಕಾಲೇಜೂ ಜಯನಗರದಲ್ಲೇ. ಕೃತಕ ಕೈಕಾಲು, ಊರುಗೋಲು, ಗಾಲಿಕುರ್ಚಿಗಳ ವಿಷಯದಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಜೆ.ಪಿ. ನಗರದಲ್ಲಿದೆ. ಹೊಸೂರು ರಸ್ತೆಯಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯ ವೃತ್ತಿ ಪುನರ್ವಸತಿ ಕೇಂದ್ರವಿದೆ. ಅದಕ್ಕೆ ಈಗ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಎಂಬ ಹೆಸರು. ಅಂಗವಿಕಲರಲ್ಲಿ ಉಳಿದಿರುವ ಸಾಮರ್ಥ್ಯವನ್ನು ಗುರುತಿಸಿ ತರಬೇತಿ, ಉದ್ಯೋಗದತ್ತ ಕಳಿಸುವುದೇ ಅದರ ಉದ್ದೇಶ. ಆಟೋದಲ್ಲಿ ಒಂದು ಸುತ್ತು ಹಾಕಿದರೆ ಮುರಿದ ಮೂಳೆಯಿಂದ ಹೊಸ ಕೆಲಸದವರೆಗಿನ ಎಲ್ಲ ನಿಲ್ದಾಣಗಳೂ ಸಿಗುತ್ತವೆ. ಇಲ್ಲದಿರುವುದು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರೋಗಿಯ ಜೊತೆ ಹೋಗಬೇಕಾದ ಒಂದು ಹಾಳೆ. ಪ್ಲಾಸ್ಟರ್ ಬಿಚ್ಚಿದ ಗಾರೆ ಕೆಲಸದವನು ಈ ಸಂಸ್ಥೆಗಳಲ್ಲಿ ಯಾವುದಕ್ಕೆ ಹೋದರೂ ತನ್ನ ಕೈಯ ಕಥೆಯನ್ನು ಮೊದಲಿಂದ ಹೇಳಬೇಕು.

ಪರದೇಶದ ಪರೀಕ್ಷೆಯನ್ನು ಹಾಗೇ ತಂದಿಟ್ಟರೆ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಲ್ಲಿನ ಕ್ರಮದಲ್ಲಿ ಪೆಟ್ಟಿಗೆಯನ್ನು ಎದೆಗೆ ಅವಚಿ ಎತ್ತುತ್ತಾರೆ. ಬನಶಂಕರಿಯಲ್ಲಿ ಮನೆ ಕಟ್ಟುವ ಹೆಂಗಸು ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಬಾಂಡ್ಲಿ ಹೊರುತ್ತಾಳೆ, ಅದೂ ಕಂಬಿಯಿಲ್ಲದ ಮೆಟ್ಟಿಲಲ್ಲಿ. ಕತ್ತಿನ ಸಹನೆ, ನೇರ ನಡಿಗೆ, ಸಮತೋಲ ಇವೇ ಅವಳ ಪರೀಕ್ಷೆಯ ವಿಷಯಗಳಾಗಬೇಕು. ಎಲ್ಲ ಅನುಕೂಲ ಇದ್ದಾಗಲೂ ಕೈಯಿಂದ ಎತ್ತುವ ತೂಕಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸೂತ್ರ ಇಟ್ಟುಕೊಂಡಿರುವ ಗರಿಷ್ಠ ಮಿತಿ 23 ಕೆ.ಜಿ. ನಮ್ಮ ಸಿಮೆಂಟ್ ಮೂಟೆ 50 ಕೆ.ಜಿ. ಅಡುಗೆ ಅನಿಲ 14.2 ಕೆ.ಜಿ., ಸಿಲಿಂಡರಿನ ಕಬ್ಬಿಣವೂ ಸೇರಿ ಸುಮಾರು 30 ಕೆ.ಜಿ. ಜೆ.ಪಿ. ನಗರದ ಹಳೆಯ ಮನೆಗಳಲ್ಲಿ ಅದು ಲಿಫ್ಟಿಲ್ಲದ ಎರಡನೇ ಮಹಡಿಗೆ ಹೆಗಲ ಮೇಲೆ ಏರುತ್ತದೆ. ಹಾಗೆಂದು ಇವರೆಲ್ಲ ಅನ್‌ಫಿಟ್ ಎಂದು ಬರೆದು ಕಳಿಸಿದರೆ ಅದು ಪರೀಕ್ಷೆಯಲ್ಲ, ಹೊಟ್ಟೆಯ ಮೇಲೆ ಹೊಡೆತ. ಇಲ್ಲಿನ ಕಸುಬುಗಳನ್ನು ಒಂದೊಂದಾಗಿ ಅಳೆದು ಬರೆದಿಡುವ ಕೆಲಸ ಮೊದಲು ಆಗಬೇಕು. ಗಾರ್ಮೆಂಟ್ಸಿನ ಹೊಲಿಗೆ, ಬಿಟಿಎಂ ಲೇಔಟಿನ ಡೆಲಿವರಿ ಹುಡುಗರ ಬೈಕು ಮತ್ತು ಬೆನ್ನಚೀಲ, ಹೋಟೆಲಿನ ದೋಸೆಕಲ್ಲು, ಮಾರುಕಟ್ಟೆಯ ಹಮಾಲಿ, ಬಿಎಂಟಿಸಿ ಬಸ್ಸಿನ ಕ್ಲಚ್ಚು. ಕ್ಲಚ್ಚಿನ ಉದಾಹರಣೆ ಸ್ವಾರಸ್ಯಕರ. ಎಡಮಂಡಿ ಕೆಟ್ಟ ಚಾಲಕನಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಡ್ರೈವಿಂಗ್ ಬೇಡ ಎಂದು. ಕೆಲಸವನ್ನು ಬಿಡಿಸಿ ನೋಡಿದರೆ ಎಡಗಾಲು ಬೇಕಾಗಿರುವುದು ಮುಖ್ಯವಾಗಿ ಕ್ಲಚ್ಚಿಗೆ, ಎಲೆಕ್ಟ್ರಿಕ್ ಬಸ್ಸಿನಲ್ಲಿ ಕ್ಲಚ್ಚೇ ಇಲ್ಲ. ಗುತ್ತಿಗೆ ಪದ್ಧತಿಯಲ್ಲಿ ಆ ಬಸ್ಸುಗಳಿಗೆ ಚಾಲಕರನ್ನು ಖಾಸಗಿ ಕಂಪನಿ ಒದಗಿಸುವುದರಿಂದ ದಾರಿ ಸಲೀಸಾಗಿಲ್ಲ, ನಿಜ. ಆದರೆ ತೊಡಕು ಮಂಡಿಯದ್ದಲ್ಲ, ಗುತ್ತಿಗೆಯದ್ದು ಎಂಬಷ್ಟಾದರೂ ಅಳತೆಯಿಂದ ಗೊತ್ತಾಗುತ್ತದೆ.

ಇಷ್ಟೊಂದು ಕೆಲಸ ಕಾದಿದ್ದರೂ ಫಿಸಿಯೋಥೆರಪಿಯನ್ನು ವೃತ್ತಿಯಾಗಿ ಆರಿಸಿಕೊಂಡ ಯುವಕ ಯುವತಿಯರ ಕಣ್ಣಿಗೆ ಬೀಳುವ ದಾರಿಗಳು ಬೇರೆ. ಆಸ್ಪತ್ರೆ, ಸ್ವಂತ ಕ್ಲಿನಿಕ್ಕು, ವಯಸ್ಸಾದವರ ಮನೆಗೇ ಹೋಗಿ ಮಾಡುವ ಚಿಕಿತ್ಸೆ, ಕ್ರೀಡಾ ತಂಡ, ಇಲ್ಲವೇ ಹೊರದೇಶ. ಜನರ ಬಾಯಲ್ಲಿ ಇವರು ಇಂದಿಗೂ ಕರೆಂಟ್ ಕೊಡುವವರು, ಎಕ್ಸರ್‌ಸೈಜ್ ಮಾಡಿಸುವವರು. ಸಮುದಾಯ ಆರೋಗ್ಯದ ಭಾಗವಾಗಿ ಔದ್ಯೋಗಿಕ ಆರೋಗ್ಯವನ್ನು ತರಗತಿಯಲ್ಲಿ ಓದಿರುತ್ತಾರೆ, ಆದರೆ ಕೆಲಸದ ಸಾಮರ್ಥ್ಯದ ವರದಿಯೊಂದನ್ನು ಹಣ ಕೊಟ್ಟು ಕೇಳುವವರು ಹೊರಗೆ ಕಡಿಮೆ. ಕೇಳುವವರಿಲ್ಲದ ವಿದ್ಯೆ ಪಠ್ಯದಲ್ಲೇ ಒಣಗುತ್ತದೆ. 2021ರ ರಾಷ್ಟ್ರೀಯ ಸಂಬದ್ಧ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ ಫಿಸಿಯೋಥೆರಪಿಗೆ ಕಾನೂನಿನ ಚೌಕಟ್ಟು ಕೊಟ್ಟಿದೆ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಹುದೇ ಎಂಬ ಚರ್ಚೆಗೆ ಹೋದ ಶಕ್ತಿಯಲ್ಲಿ ಸ್ವಲ್ಪ, ಯಾವ ವರದಿಗೆ ನಮ್ಮ ಸಹಿ ಸಲ್ಲಬೇಕು ಎಂಬುದಕ್ಕೂ ಹೋಗಿದ್ದರೆ ಚೆನ್ನಾಗಿತ್ತು.

ಈಗ ಆಕ್ಷೇಪಗಳು. ವಿಜ್ಞಾನದ ಕಡೆಯಿಂದ ಬರುವುದೇ ಎಲ್ಲಕ್ಕಿಂತ ಗಟ್ಟಿ. ಕೆನಡಾದ ಆಲ್ಬರ್ಟಾದಲ್ಲಿ ಡಗ್ಲಸ್ ಗ್ರಾಸ್ ಮತ್ತು ಮಿಶೆಲ್ ಬ್ಯಾಟಿಯೇ ಬೆನ್ನುನೋವಿನ ಪರಿಹಾರಾರ್ಥಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಈ ಪರೀಕ್ಷೆ ಮಾರುವವರಿಗೆ ತಣ್ಣೀರೆರಚಿದವು. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರು ತುಸು ಬೇಗ ಕೆಲಸಕ್ಕೆ ಮರಳಿದರು, ಆದರೆ ಆ ಸಂಬಂಧ ದುರ್ಬಲ. ಮರಳಿದ ಮೇಲೆ ಮತ್ತೆ ನೋವು ಕಾಣಿಸುವುದೋ ಇಲ್ಲವೋ ಎಂಬುದನ್ನು ಪರೀಕ್ಷೆ ಹೇಳಲಿಲ್ಲ. ನೆಲದಿಂದ ಸೊಂಟಕ್ಕೆ ಎತ್ತುವ ಒಂದೇ ಭಾಗ ಇಡೀ ಪರೀಕ್ಷೆಯಷ್ಟೇ ಮಾಹಿತಿ ಕೊಟ್ಟಿತು. ಮರುಗಾಯ ತಪ್ಪಿಸುವುದರಲ್ಲಿ ಇದರ ಪಾತ್ರವೇನೆಂದು 2010ರಲ್ಲಿ ಹುಡುಕಿದ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಮೀಕ್ಷೆಗೆ ತನ್ನ ಮಾನದಂಡಕ್ಕೆ ಹೊಂದುವ ಒಂದೂ ಪ್ರಯೋಗ ಸಿಗಲಿಲ್ಲ. ಈ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನು ಕೆಡವುವುದಿಲ್ಲ, ಅದರ ವ್ಯಾಪ್ತಿಯನ್ನು ಕತ್ತರಿಸುತ್ತದೆ. ಪರೀಕ್ಷೆಯನ್ನು ಭವಿಷ್ಯವಾಣಿಯಾಗಿ ಬಳಸಬಾರದು. ಇವತ್ತಿನ ದೇಹಕ್ಕೂ ಇವತ್ತಿನ ಕೆಲಸಕ್ಕೂ ನಡುವಿನ ಅಂತರವನ್ನು ಬರೆದಿಡಲು ಬಳಸಬಹುದು. ಉದ್ದನೆಯ ಪರೀಕ್ಷೆಯೇ ಬೇಕಿಲ್ಲ ಎಂದಾದರೆ ನಮ್ಮಂಥ ಊರಿಗೆ ಅದು ಒಳ್ಳೆಯ ಸುದ್ದಿ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಚಿಕ್ಕ ಪರೀಕ್ಷೆಗೆ ಸಮಯ ಹೊಂದಿಸಬಹುದು. ಇನ್ನು ಪರೀಕ್ಷೆಯ ಆಚೆ ಏನು ಫಲ ಕೊಡುತ್ತದೆ ಎಂಬುದಕ್ಕೆ ಕೆನಡಾದಿಂದಲೇ ಉತ್ತರವಿದೆ. ಕ್ವಿಬೆಕ್‌ನಲ್ಲಿ ಪ್ಯಾಟ್ರಿಕ್ ಲ್ವಾಜೆಲ್ ತಂಡ 1997ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬೆನ್ನುನೋವಿನಿಂದ ನಾಲ್ಕು ವಾರಕ್ಕೂ ಹೆಚ್ಚು ಕೆಲಸ ಬಿಟ್ಟವರಿಗೆ ಚಿಕಿತ್ಸೆಯ ಜೊತೆಗೆ ಅವರ ಕೆಲಸದ ಜಾಗಕ್ಕೇ ಹೋಗಿ, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳೊಡನೆ ಕೂತು ಬದಲಾವಣೆ ಮಾಡಿಸಿದರು. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರು 2.4 ಪಟ್ಟು ವೇಗವಾಗಿ ತಮ್ಮ ಹಳೆಯ ಕೆಲಸಕ್ಕೆ ಮರಳಿದರು. ಲಾಭದ ದೊಡ್ಡ ಪಾಲು ಬಂದದ್ದು ಕೆಲಸದ ಜಾಗಕ್ಕೆ ಹೋದದ್ದರಿಂದ. ಕ್ಲಿನಿಕ್ಕಿನ ಮಂಚದ ಪಕ್ಕ ನಿಂತು ಈ ಕೆಲಸ ಆಗುವುದಿಲ್ಲ.

ಎರಡನೆಯ ಆಕ್ಷೇಪ ಕಾರ್ಮಿಕರ ಪರವಾಗಿ ಮಾತಾಡುವವರದು. ಮಾಡಬಲ್ಲದ್ದನ್ನು ಅಳೆಯಲು ಹೊರಟರೆ ಅದು ಪರಿಹಾರ ಕಡಿತ ಮಾಡುವವರ ಆಯುಧವಾಗುತ್ತದೆ, ನೋವನ್ನು ನಾಟಕ ಎನ್ನಲು ನೆಪವಾಗುತ್ತದೆ. ಈ ಭಯಕ್ಕೆ ಆಧಾರವಿದೆ. ಸ್ಕಾಟ್ಲೆಂಡಿನ ಮೂಳೆತಜ್ಞ ಗಾರ್ಡನ್ ವಾಡೆಲ್ 1980ರಲ್ಲಿ ಬೆನ್ನುನೋವಿನ ಕೆಲವು ಚಿಹ್ನೆಗಳನ್ನು ಪಟ್ಟಿ ಮಾಡಿದರು. ನೋವಿನ ಮಾನಸಿಕ ಆಯಾಮವನ್ನು ವೈದ್ಯರು ಗಮನಿಸಲಿ ಎಂಬುದು ಉದ್ದೇಶ. ವಿಮೆಯವರು, ವಕೀಲರು ಅವನ್ನು ಸುಳ್ಳು ಹಿಡಿಯುವ ಬಲೆಯನ್ನಾಗಿ ಮಾಡಿಕೊಂಡರು. 1998ರಲ್ಲಿ ವಾಡೆಲ್ ತಾವೇ ಸಹೋದ್ಯೋಗಿಯೊಡನೆ ಲೇಖನ ಬರೆದು, ಇವು ನಟನೆಯ ಪುರಾವೆಯಲ್ಲ ಎಂದು ಹೇಳಬೇಕಾಯಿತು. ಆದ್ದರಿಂದ ಪರೀಕ್ಷೆಗೆ ಷರತ್ತುಗಳು ಬೇಕೇ ಬೇಕು. ವರದಿಯ ಪ್ರತಿ ಮೊದಲು ಗಾಯಗೊಂಡವರಿಗೆ ಸಿಗಬೇಕು. ಪರೀಕ್ಷಕರ ಸಂಬಳ ವಿಮಾ ಕಂಪನಿಯಿಂದ ಬರಬಾರದು. ಆಗದು ಎಂದು ಬರೆದ ಪ್ರತಿ ಸಾಲಿನ ಎದುರು ಏನು ಬದಲಿಸಿದರೆ ಆಗುತ್ತದೆ ಎಂಬ ಸಾಲೂ ಇರಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಇಂಥ ವರದಿಗೆ ಕಾನೂನಿನ ರಕ್ಷಣೆಯಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ವಿಧಿಯ ಪ್ರಕಾರ ಸೇವೆಯಲ್ಲಿರುವಾಗ ಊನಗೊಂಡವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಯಾವ ಹುದ್ದೆ ಎಂದು ತೀರ್ಮಾನಿಸಲು ಸಾಮರ್ಥ್ಯದ ಅಳತೆಗಿಂತ ಒಳ್ಳೆಯ ಆಧಾರ ನನಗೆ ತೋಚುವುದಿಲ್ಲ. ಆ ವಿಧಿ ಖಾಸಗಿ ಕಾರ್ಖಾನೆಗೆ ಅನ್ವಯಿಸುವುದಿಲ್ಲ. ಅಲ್ಲಿ ಇದೇ ವರದಿ ಕೆಲಸ ಕಳೆಯುವ ಕಾಗದವಾಗಬಲ್ಲದು. ಹಾಗಾಗಿ ಪ್ರಯೋಗ ಶುರುವಾಗಬೇಕಾದದ್ದು ಸಾರಿಗೆ ನಿಗಮ, ವಿದ್ಯುತ್ ಕಂಪನಿ, ಪಾಲಿಕೆಗಳಂಥ ಕಡೆ ಎಂಬುದು ನನ್ನ ತೀರ್ಮಾನ.

ಬಹುಪಾಲು ಜನಕ್ಕೆ ಮರಳಿ ಹೋಗಲು ಖಾಯಂ ಕೆಲಸವೇ ಇಲ್ಲವಲ್ಲ ಎಂಬ ಮಾತು ಉಳಿಯುತ್ತದೆ. ಬೆಳಿಗ್ಗೆ ಸರ್ಕಲ್ಲಿನಲ್ಲಿ ನಿಂತು ಮೇಸ್ತ್ರಿಗಾಗಿ ಕಾಯುವವನಿಗೆ ಲೈಟ್ ಡ್ಯೂಟಿ ಕೊಡುವವರು ಯಾರು? ಯಾರೂ ಇಲ್ಲ. ಆದ್ದರಿಂದಲೇ ಅವನಿಗೆ ತನ್ನ ದೇಹದ ಲೆಕ್ಕ ಹೆಚ್ಚು ಬೇಕು. ಕರಣೆ ಹಿಡಿಯಬಹುದು ಮೂಟೆ ಹೊರಬಾರದು ಎಂದು ತಿಳಿದವನು ಕೂಲಿಗಿಂತ ಗಾರೆಯಾಳಾಗಿ ಹೋಗುವುದನ್ನು ಯೋಚಿಸಬಹುದು. ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ನಿಲ್ಲುವವರಲ್ಲೂ ಇಂಥವರು ಬಹಳ. ಸಂಬಳದ ಚೀಟಿಯಿಲ್ಲದ ಅವರ ಪರವಾಗಿ ಮಾತಾಡಬಲ್ಲದ್ದು ಇಂಥ ವರದಿಯೇ. ಡೆಲಿವರಿ ಕಾರ್ಮಿಕರಿಗೆ ರಾಜ್ಯ ಸರ್ಕಾರ 2023ರಲ್ಲಿ ಎರಡು ಲಕ್ಷದ ಅಪಘಾತ ವಿಮೆ, ಎರಡು ಲಕ್ಷದ ಜೀವವಿಮೆ ಘೋಷಿಸಿತು, 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆಂದೇ ಕಾಯ್ದೆ ತಂದಿತು. ಆ ಕಾಯ್ದೆಯ ಕಲ್ಯಾಣ ನಿಧಿಯಿಂದ ಏನೇನಕ್ಕೆ ಖರ್ಚು ಮಾಡಬೇಕೆಂದು ಯೋಜನೆ ಬರೆಯುವಾಗ, ಮಣಿಕಟ್ಟು ಮುರಿದ ಹುಡುಗ ಮತ್ತೆ ಬೈಕಿನ ಬ್ರೇಕು ಹಿಡಿಯಬಲ್ಲನೇ ಎಂದು ನೋಡುವ ಪರೀಕ್ಷೆಗೂ ಒಂದು ಸಾಲು ಸೇರಿಸುವುದು ಕಷ್ಟವಲ್ಲ.

ಪ್ರಮಾಣಪತ್ರದಲ್ಲಿ ಇಂಥ ಸಾಲುಗಳಿಗೆ ಜಾಗ ಮಾಡುವ ಕೆಲಸವನ್ನು ಬ್ರಿಟನ್ ಎರಡು ಹೆಜ್ಜೆಯಲ್ಲಿ ಮಾಡಿತು. 2010ರ ಏಪ್ರಿಲ್‌ನಲ್ಲಿ ಅಲ್ಲಿನ ಸಿಕ್ ನೋಟು ಹೋಗಿ ಫಿಟ್ ನೋಟು ಬಂತು. ಅದರಲ್ಲಿ ಕೆಲಸಕ್ಕೆ ಅನರ್ಹ ಎಂಬುದರ ಜೊತೆಗೆ, ಬದಲಾವಣೆ ಮಾಡಿಕೊಟ್ಟರೆ ಮಾಡಬಹುದು ಎಂಬ ಇನ್ನೊಂದು ಆಯ್ಕೆ ಸೇರಿತು. ನಿಧಾನವಾಗಿ ಮರಳುವುದು, ಕೆಲಸದ ಹೊತ್ತು ಬದಲಿಸುವುದು, ಕೆಲಸ ಬದಲಿಸುವುದು, ಜಾಗ ಹೊಂದಿಸುವುದು ಎಂದು ಗುರುತು ಹಾಕುವ ನಾಲ್ಕು ಚೌಕಗಳೂ ಬಂದವು. ಹನ್ನೆರಡು ವರ್ಷ ಅದನ್ನು ವೈದ್ಯರು ಮಾತ್ರ ಬರೆಯುತ್ತಿದ್ದರು. 2022ರ ಜುಲೈ 1ರಿಂದ ಫಿಸಿಯೋಥೆರಪಿಸ್ಟರು, ನರ್ಸುಗಳು, ಔದ್ಯೋಗಿಕ ಚಿಕಿತ್ಸಕರು, ಫಾರ್ಮಸಿಸ್ಟರೂ ಸಹಿ ಮಾಡಬಹುದು. ನಮ್ಮಲ್ಲಿ ಎರಡನೇ ಹೆಜ್ಜೆಗೆ ವೈದ್ಯರ ಸಂಘಗಳು ತಕರಾರು ಎತ್ತಬಹುದು, ಎತ್ತಲಿ. ಮೊದಲ ಹೆಜ್ಜೆಗೆ ಯಾರ ಅಧಿಕಾರವೂ ಕುಗ್ಗುವುದಿಲ್ಲ. ಸಂಜಯ ಗಾಂಧಿ ಆಸ್ಪತ್ರೆಯಂಥ ಕಡೆ ಡಿಸ್ಚಾರ್ಜ್ ಕಾಗದದ ಹಿಂಬದಿಯಲ್ಲಿ ಅದೇ ನಾಲ್ಕು ಚೌಕ, ಅವುಗಳ ಕೆಳಗೆ ಎತ್ತಬಹುದಾದ ತೂಕ, ಕೂರಬಹುದಾದ ಹೊತ್ತು, ಮರುಪರೀಕ್ಷೆಯ ತಾರೀಕು ಬರೆಯಲು ಮೂರು ಗೆರೆ ಅಚ್ಚು ಹಾಕಿಸಿ, ಕನ್ನಡದಲ್ಲಿ, ಮೇಸ್ತ್ರಿಯೂ ಓದುವಂತೆ ಬರೆದುಕೊಟ್ಟರೆ ಸಾಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬೇಕಾಗಿರುವುದು ಒಂದು ತೂಕದ ಪೆಟ್ಟಿಗೆ, ಒಂದು ಅಳತೆ ಟೇಪು ಮತ್ತು ಆ ಮೂರು ಗೆರೆ ತುಂಬಲು ಒಬ್ಬ ಫಿಸಿಯೋಥೆರಪಿಸ್ಟಿನ ಹುದ್ದೆ.